ಚಾರ್ಜ್ ಆಗದ ಸ್ಕೂಟರೂ ಸಾಹೇಬರ ಹೊಲವೂ

ಹೂವಿನಹಡಗಲಿಯ ಸಂಚಾರಿ ಕುರಿ ಕ್ಷೇಮ ಘಟಕದ ಸ್ಕೂಟರಿಗೆ ಮತ್ತೊಂದು ಹೊಸ ಬ್ಯಾಟರಿಯನ್ನು ಯಶಸ್ವಿಯಾಗಿ ಅಳವಡಿಸಲಾಗಿದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲು ಹರ್ಷಿಸುತ್ತೇನೆ. ಹಿಂದಿನ ಬ್ಯಾಟರಿಗಳೂ ಇಷ್ಟೇ ಯಶಸ್ವಿಯಾಗಿ ಅಳವಡಿಕೆಯಾಗಿ, ವಾರದೊಳಗೆ ಸತ್ತು, ಈಗ ಉಗ್ರಾಣದಲ್ಲಿ ಸಾಲಾಗಿ ವಿಶ್ರಮಿಸುತ್ತಿವೆ. ನಾನು ಈ ಘಟಕದ ಪ್ರಕಟಣಾ ಗುಮಾಸ್ತ. ಕೆಟ್ಟ ಸುದ್ದಿಯನ್ನು ಪ್ರಕಟಿಸುವ ಅಧಿಕಾರ ನನಗಿಲ್ಲ.

ಬ್ಯಾಟರಿ ಕೊಳ್ಳುವುದು ಖರೀದಿ. ಅದನ್ನು ನಮ್ಮ ಮುಖ್ಯಸ್ಥರಾದ ಗವಿಸಿದ್ದೇಶ್ ಸಾಹೇಬರೇ ಮಂಜೂರು ಮಾಡಬಹುದು. ವೈರು ಮುಟ್ಟುವುದು ದುರಸ್ತಿ. ಅದಕ್ಕೆ ವಾಹನ ಪರಿವೀಕ್ಷಕ ಏಕಾಂತಪ್ಪನವರು ಬಂದು ದೋಷವಿದೆ ಎಂದು ಬರೆಯಬೇಕು. ಹೋದ ಬೇಸಿಗೆಯಲ್ಲಿ ಅವರು ಬಂದರು. ನಿಂತ ಸ್ಕೂಟರಿನ ಆಗಿನ ಹೊಸ ಬ್ಯಾಟರಿಗೆ ಮೀಟರಿನ ಎರಡು ಕಡ್ಡಿ ಹಚ್ಚಿದರು. ಹನ್ನೆರಡೂವರೆ ವೋಲ್ಟ್ ತೋರಿಸಿತು. "ಸುಸ್ಥಿತಿಯಲ್ಲಿದೆ" ಎಂದು ಬರೆದರು.

ಮೆಕ್ಯಾನಿಕ್ ಜಂಬುನಾಥ ತಡೆಯಲಾರದೆ ಹೇಳಿದ: "ಸಾರ್, ಗಾಡಿ ಚಾಲೂ ಮಾಡಿ ನೋಡ್ರಿ. ಮೀಟರು ಹದಿನಾಲ್ಕರ ಹತ್ರ ಏರಬೇಕು. ಏರಲಿಲ್ಲಂದ್ರ ಬ್ಯಾಟ್ರಿಗಿ ಚಾರ್ಜೇ ಬರವಲ್ದು ಅಂತ ಅರ್ಥ."

"ಪರಿಶೀಲನಿ ಟೈಮಿಗೆ ವಾಹನ ಬಂದ್ ಇರಬೇಕು ಅಂತ ನಿಯಮ ಐತಿ," ಎಂದರು ಏಕಾಂತಪ್ಪನವರು. "ಚಾಲೂ ಆತಂದ್ರ ಅದು ಸಂಚಾರ. ಸಂಚಾರ ನೋಡೋದು ನನ್ನ ಕೆಲಸಲ್ಲ."

ಜಂಬುನಾಥ ಹೊಸ ಬ್ಯಾಟರಿಯ ಬಿಲ್ಲು ಬರೆಯತೊಡಗಿದ. ಬ್ಯಾಟರಿಗಳು ಅವನ ಅಂಗಡಿಯಿಂದಲೇ ಬರುತ್ತಿದ್ದವು.

ಹೀಗಿರುವಾಗ ಮಾಗಳದಿಂದ ಕುರಿಗಾರ ಪಾಲಾಕ್ಷಪ್ಪ ಬಂದ. "ಮೊದಲ ಮಳಿ ಬಿದ್ದು ಎಳಿ ಹುಲ್ಲು ತಿಂದ್ವಂದ್ರ ಮರಿಗಳಿಗೆ ಕರುಳುಬ್ಯಾನಿ ಬರತೈತ್ರಿ. ಹೋದ ವರ್ಷ ಕಣ್ಣೆದುರಿಗೇ ಸತ್ವು. ಮಳಿಗಿಂತ ಮೊದ್ಲ ಬಂದು ಲಸಿಕಿ ಹಾಕ್ರಿ, ಮೇಡಂ" ಎಂದು ಲಸಿಕೆ ಹಾಕುವ ಭೂಮಿಕಾಳ ಮುಂದೆ ಕೈಮುಗಿದ. ಲಸಿಕೆಯ ಡಬ್ಬಿ ಇಲಾಖಾ ವಾಹನದಲ್ಲಿ ಮಾತ್ರ ಪ್ರಯಾಣಿಸತಕ್ಕದ್ದು, ಬಸ್ಸಿನಲ್ಲಲ್ಲ. ಇಲಾಖಾ ವಾಹನವೋ ಬ್ಯಾಟರಿ ಇಳಿದು ಊರು ದಾಟುವಷ್ಟರಲ್ಲಿ ನಿಲ್ಲುತ್ತಿತ್ತು.

ಈ ಬಿಕ್ಕಟ್ಟಿಗೆ ಗವಿಸಿದ್ದೇಶ್ ಸಾಹೇಬರು ಜನಪರವಾದ ಪರಿಹಾರ ಕಂಡುಕೊಂಡರು. ಪ್ರಕಟಣೆ ಬರೆದವನು ನಾನೇ:

"ಸ್ಕೂಟರು ಕುರಿಗಳ ಬಳಿಗೆ ಹೋಗಲಾರದ ಕಾರಣ ಕುರಿಗಳು ಸ್ಕೂಟರಿನ ಬಳಿಗೆ ಬರತಕ್ಕದ್ದು. ಲಸಿಕೆಗೆ ಮುನ್ನ ಮೂರು ರಾತ್ರಿ ಕುರಿಗಳನ್ನು ಘಟಕದ ಹಿಂಭಾಗದ ಹೊಲದಲ್ಲಿ ನಿಗಾದಲ್ಲಿ ಇರಿಸತಕ್ಕದ್ದು."

ಘಟಕದ ಹಿಂಭಾಗದ ಹೊಲ ಸಾಹೇಬರದು.

ಪಾಲಾಕ್ಷಪ್ಪ ತಲೆ ಕೆರೆದುಕೊಂಡ. "ಸಾಹೇಬ್ರ, ಹೊಲದಾಗ ರಾತ್ರಿ ಕುರಿ ನಿಂದ್ರಿಸಿದ್ರ ಗೊಬ್ಬರಾತಂತ ಹೊಲದೋರು ನಮಗ ಜ್ವಾಳ ಕೊಡ್ತಾರ್ರಿ."

"ನೀನು ಗೊಬ್ಬರ ಹಾಕಾಕ ಬರವಲ್ಲಿ, ಲಸಿಕಿಗೆ ಬರಾಕತ್ತಿ," ಎಂದರು ಸಾಹೇಬರು. "ಕುರಿ ಹಿಕ್ಕಿ ಹಾಕಿದ್ರ ಅದು ಲಸಿಕಿಯ ಅಡ್ಡಪರಿಣಾಮ."

"ಲಸಿಕಿ ಇನ್ನೂ ಹಾಕೇ ಇಲ್ಲಲ್ರಿ?"

"ಮುಂಗಡ ಅಡ್ಡಪರಿಣಾಮ."

ಪಾಲಾಕ್ಷಪ್ಪ ಒಪ್ಪದೆ ಮಾಗಳಕ್ಕೆ ಹಿಂದಿರುಗಿದ. ಭೂಮಿಕಾ ಸ್ಕೂಟರನ್ನು ತಳ್ಳಿಕೊಂಡು ಜಂಬುನಾಥನ ಅಂಗಡಿಗೆ ಹೋಗಿ, "ಅಣ್ಣಾ, ಮರಿಗಳು ಸಾಯ್ತಾವ. ಬ್ಯಾಟ್ರಿ ಮಾರಿದ್ದು ಸಾಕು, ರಿಪೇರಿ ಮಾಡು" ಎಂದಳು. ಅವನಿಗೂ ನಾಚಿಕೆಯಾಯಿತು. ಗಾಡಿ ಚಾಲೂ ಮಾಡಿದರು. ಮೀಟರು ಹನ್ನೆರಡರಿಂದ ಮೇಲೇಳಲಿಲ್ಲ. ಫ್ಯೂಸು ಸರಿಯಿತ್ತು, ಇಂಜಿನ್ನಿನ ಕಾಯಿಲಿನಿಂದ ಕರೆಂಟೂ ಬರುತ್ತಿತ್ತು. ಆ ಕರೆಂಟನ್ನು ಬ್ಯಾಟರಿಗೆ ಒಗ್ಗಿಸಿ ಕಳಿಸುವ ರೆಗ್ಯುಲೇಟರಿನ ಬಾಯಿಗೆ ಸಿಕ್ಕಿಸಿದ, ವೈರು ಜೋಡಿಸುವ ಕಪ್ಲರು ಮಾತ್ರ ಸುಟ್ಟು ಕರಗಿತ್ತು. ಅದನ್ನು ಕತ್ತರಿಸಿ ಹೊಸದು ಹಾಕಿದರು. ಆಕ್ಸಿಲರೇಟರ್ ತಿರುವಿದೊಡನೆ ಮೀಟರು ಹದಿನಾಲ್ಕು ಮುಟ್ಟಿತು. ಭೂಮಿಕಾ ಚಪ್ಪಾಳೆ ತಟ್ಟಿದಳು.

ಸಾಹೇಬರು ತಟ್ಟಲಿಲ್ಲ. ಏಕಾಂತಪ್ಪನವರನ್ನು ತುರ್ತಾಗಿ ಕರೆಸಿದರು. ಅವರು ನಿಂತ ಸ್ಕೂಟರಿಗೆ ಮೀಟರು ಹಚ್ಚಿದರು.

"ಮೊದಲೂ ಹನ್ನೆರಡೂವರಿ, ಈಗಲೂ ಹನ್ನೆರಡೂವರಿ. ಏನು ರಿಪೇರಿ ಆಗೈತಮ್ಮ?"

"ಆವಾಗ ಹೊಸ ಬ್ಯಾಟ್ರಿ ಇತ್ರಿ ಸಾರ್. ಈಗ ಅದ ಬ್ಯಾಟ್ರಿ ತಾನ ಚಾರ್ಜ್ ಆಗೈತ್ರಿ."

"ಸುಸ್ಥಿತಿಯಾಗಿದ್ದ ಗಾಡಿಗಿ ಕೈ ಹಾಕೀರಿ ಅಂದಂಗಾತು."

ಸುಸ್ಥಿತಿಯನ್ನು ಮರುಸ್ಥಾಪಿಸುವಂತೆ ಆದೇಶವಾಯಿತು. ಜಂಬುನಾಥ ಹೊಸ ಕಪ್ಲರು ಬಿಚ್ಚಿ ಸುಟ್ಟಿದ್ದನ್ನೇ ಮರಳಿ ಕೂಡಿಸಿದ. ವಾರದಲ್ಲಿ ಬ್ಯಾಟರಿ ಸತ್ತಿತು. ಘಟಕ ನೆಮ್ಮದಿಯ ನಿಟ್ಟುಸಿರುಬಿಟ್ಟಿತು.

ಬೇರೆ ದಾರಿ ಕಾಣದೆ ಪಾಲಾಕ್ಷಪ್ಪ ಕುರಿ ಹೊಡೆದುಕೊಂಡು ಬಂದ. ಮೂರು ರಾತ್ರಿ ಮುಗಿದವು. ಪೂರ್ವದ ಬದುವಿನ ಕಡೆ ನಿಗಾ ಇನ್ನೂ ಪೂರ್ಣಗೊಂಡಿಲ್ಲವೆಂದು ಸಾಹೇಬರು ಅವಧಿ ವಿಸ್ತರಿಸಿದರು. ಆಗಲೇ ಮಳೆ ಬಂತು. ಎಳೆ ಹುಲ್ಲು ಎದ್ದಿತು. ಒಂದು ಬೆಳಿಗ್ಗೆ ಪಾಲಾಕ್ಷಪ್ಪ ಎರಡು ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ತಂದು ಕಚೇರಿಯ ಕಟ್ಟೆಯ ಮೇಲಿಟ್ಟ. ಅವನ್ನು "ನಿಗಾಕ್ಕೆ ಗೈರುಹಾಜರು" ಎಂದು ನಮೂದಿಸಲಾಯಿತು. ನನಗೆ ಅಳು ಬಂತು. ಆದರೆ ಅದು ಕೆಟ್ಟ ಸುದ್ದಿಯಾದ್ದರಿಂದ ಪ್ರಕಟಿಸಲಿಲ್ಲ.

ಉಳಿದವಕ್ಕೆ ಲಸಿಕೆಯಾಯಿತು. ಆ ವರ್ಷ ಸಾಹೇಬರ ಮೆಕ್ಕೆಜೋಳ ಆಳೆತ್ತರ ಬಂತು. ಅದನ್ನು ಕಣ್ಣಾರೆ ನೋಡಿಹೋದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹರಪನಹಳ್ಳಿ ಘಟಕಗಳ ಮುಖ್ಯಸ್ಥರೂ ತಮ್ಮ ಸ್ಕೂಟರುಗಳು ಚಾರ್ಜ್ ಆಗುತ್ತಿಲ್ಲವೆಂದು ವರದಿ ಮಾಡಿದರು. ಚೆನ್ನಾಗಿದ್ದ ಕಪ್ಲರುಗಳನ್ನು ಹದವಾಗಿ ಸುಟ್ಟುಕೊಡುವ ಕೆಲಸದಲ್ಲಿ ಜಂಬುನಾಥನಿಗೆ ಈಗ ಊಟಕ್ಕೂ ಪುರುಸೊತ್ತಿಲ್ಲ.

ಈ ವರ್ಷ ಮೋಡ ಕಟ್ಟುವ ಮೊದಲೇ ಪಾಲಾಕ್ಷಪ್ಪ ಕುರಿಗಳ ಸಮೇತ ಬಂದ. ಲಸಿಕೆಯ ಮಾತೇ ಎತ್ತಲಿಲ್ಲ.

"ಮೇಡಂ, ಈ ಸಲ ಯಾರ ಹೊಲ್ರಿ?"

ಭೂಮಿಕಾ ಸುತ್ತ ನೋಡಿ ದನಿ ತಗ್ಗಿಸಿದಳು. "ಸಾಹೇಬ್ರ ಹೊಲದಾಗ ಇನ್ನೊಂದು ಹಿಂಡು ಐತ್ರಿ, ಯಜಮಾನ್ರ. ನಮ್ಮ ಅಪ್ಪಂದು ಎರಡೆಕರಿ ಐತಿ, ನೀರೂ ಅದಾವ. ನಾಕು ದಿನ ಅಲ್ಲೇ ನಿಂದ್ರಿಸ್ರಿ, ಮಳಿಗಿಂತ ಮೊದ್ಲ ಲಸಿಕಿ ಹಾಕೇಬಿಡ್ತೀನಿ."

"ದೊಡ್ಡ ಉಪಕಾರಾತವ್ವ," ಎಂದು ಪಾಲಾಕ್ಷಪ್ಪ ಮನಸಾರೆ ಕೈಮುಗಿದ.