ಖಾನಾಪುರದ ಬಗ್ಗೆ ಎರಡು ಪುಟ

ಒಂದು ಊರಿನಲ್ಲಿ ಹದಿನಾಲ್ಕು ವರ್ಷ ನೌಕರಿ ಮಾಡಿಯೂ ಆ ಊರನ್ನು ನೋಡದೇ ಇರಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಸಾಧ್ಯ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅದಕ್ಕೆ ವಿಶೇಷ ಪ್ರತಿಭೆಯೇನೂ ಬೇಡ. ಬೆಳಗಾವಿಯಲ್ಲೊಂದು ಮನೆ, ಖಾನಾಪುರದಲ್ಲೊಂದು ಕೆಲಸ, ಕೈಯಲ್ಲೊಂದು ಗಡಿಯಾರ ಇದ್ದರೆ ಸಾಕು. ನಾನು ಖಾನಾಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ರಾಮತೀರ್ಥ ನಗರದ ಮನೆ ಬಿಟ್ಟು, ಸಿಟಿ ಬಸ್ಸಿನಲ್ಲಿ ಕೋಟೆ ಹತ್ತಿರದ ನಿಲ್ದಾಣಕ್ಕೆ ಬಂದು, ಖಾನಾಪುರದ ಬಸ್ಸಿನ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುವುದರಲ್ಲಿ ನನ್ನ ದಿನದ ಅರ್ಧ ಶಕ್ತಿ ಮುಗಿದಿರುತ್ತದೆ. ಉಳಿದರ್ಧ ಸಂಜೆಯ ಸೀಟಿಗೆ ಬೇಕು. ನಡುವೆ ಪಾಠ.

ದಾರಿಯಲ್ಲಿ ಎದುರಿನಿಂದ ಬರುವ ಬಸ್ಸುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವುಗಳ ತುಂಬ ಬೆಳಗಾವಿಯ ಕಾಲೇಜುಗಳಿಗೆ ಹೊರಟ ಖಾನಾಪುರದ ಹುಡುಗ ಹುಡುಗಿಯರು. ಕಲಿಸುವ ನಾವು ಅತ್ತ, ಕಲಿಯುವ ಅವರು ಇತ್ತ. ಅರ್ಧ ದಾರಿಯಲ್ಲಿ ಎರಡೂ ಬಸ್ಸು ನಿಲ್ಲಿಸಿ, ಯಾವುದಾದರೂ ಮಾವಿನ ಮರದ ಕೆಳಗೆ ಪಾಠ ಮುಗಿಸಿ ಅವರವರ ಮನೆಗೆ ಅವರವರು ಹೋದರೆ ಎಲ್ಲರಿಗೂ ಅನುಕೂಲ ಎಂದು ಒಮ್ಮೆ ಸಿಬ್ಬಂದಿ ಸಭೆಯಲ್ಲಿ ಹೇಳಿದ್ದೆ. ಯಾರೂ ನಗಲಿಲ್ಲ. ಹಾಗಾದರೆ ನಮ್ಮ ಕಾಲೇಜಿಗೆ ಬರುವವರು ಯಾರು? ಖಾನಾಪುರದ ಆಚೆ, ಕಾಡಿನ ಅಂಚಿನ ಹಳ್ಳಿಗಳ ಮಕ್ಕಳು. ಅವರಿಗೆ ಖಾನಾಪುರವೇ ಪೇಟೆ. ನಮಗೆ ಅದು ಒಂದು ಗೇಟು, ಒಂದು ಸ್ಟಾಫ್ ರೂಮು, ಮತ್ತು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಬೆಳಗಾವಿಗೆ ಹೊರಡುವ ಒಂದು ಬಸ್ಸು.

ಹೀಗೆ ಸುಖವಾಗಿ ಸಾಗಿದ್ದ ಅಜ್ಞಾನಕ್ಕೆ ಕುತ್ತು ಬಂದದ್ದು ನಮ್ಮ ಪ್ರಾಂಶುಪಾಲರಿಂದ. ಕಾಲೇಜನ್ನು ಪರಿಶೀಲಿಸಲು ಸಮಿತಿಯೊಂದು ಬರುವುದಿತ್ತು. ವರದಿಯ ಮೊದಲಿಗೆ ಊರಿನ ಪರಿಚಯ ಬೇಕಂತೆ. ನನ್ನನ್ನು ಕರೆದು, "ಮೇಡಂ, ನೀವು ಭಾಳ ವರ್ಷದಿಂದ ಇಲ್ಲಿ ಅದೀರಿ. ಖಾನಾಪುರದ ಬಗ್ಗೆ ಎರಡು ಪುಟ ಬರದು ಸೋಮವಾರ ಕೊಡ್ರಿ. ಗೂಗಲ್‌ನಾಗಿಂದು ಬ್ಯಾಡ. ನಿಮ್ಮ ಅನುಭವದ್ದು ಬರೀರಿ" ಎಂದರು. ಅನುಭವ! ನನ್ನ ಅನುಭವದ ಖಾನಾಪುರವನ್ನು ಬರೆದರೆ, ಯಾವ ಬಸ್ಸಿನ ಎಷ್ಟನೇ ಕಿಟಕಿಯಲ್ಲಿ ಮಳೆನೀರು ಸೋರುತ್ತದೆ ಎಂಬುದರಾಚೆ ಏನೂ ಇರಲಿಲ್ಲ. ಇತಿಹಾಸದ ಹಿರೇಮಠ ಸರ್ ಏನಾದರೂ ಹೇಳಿಯಾರು ಎಂದು ಕೇಳಿದೆ. ಅವರೂ ಬೆಳಗಾವಿಯ ಕ್ಯಾಂಪ್ ಬಡಾವಣೆಯಿಂದ ಬರುವವರು. ಬಹಳ ಹೊತ್ತು ಯೋಚಿಸಿ, "ಖಾನಾಪುರದಾಗ ನದಿ ಐತ್ರಿ ಮೇಡಂ" ಎಂದರು. ಯಾವ ಕಡೆ ಎಂದೆ. "ಬಸ್ಸಿನ್ಯಾಗಿಂದ ಎಡಕ್ಕ ಕಾಣಸ್ತೈತಿ. ಬರೂ ಮುಂದೋ, ಹೋಗೂ ಮುಂದೋ, ಅದೇ ನೆನಪಿಲ್ಲ ನೋಡ್ರಿ."

ಶನಿವಾರ ಮಧ್ಯಾಹ್ನದವರೆಗೂ ಹಾಳೆಯ ಮೇಲೆ "ಖಾನಾಪುರವು ಒಂದು ಸುಂದರ ಊರು" ಎಂಬ ಒಂದೇ ವಾಕ್ಯವಿತ್ತು. ಅದೂ ಸುಳ್ಳಿರಬಹುದೆಂಬ ಅನುಮಾನ ಬೇರೆ. ಹೋಗಿ ನೋಡಿಯೇ ಬಿಡೋಣ ಎಂದು ಹೊರಟೆ. ಕಾಲೇಜಿನ ಗೇಟು ದಾಟಿ, ದಿನವೂ ಬಲಕ್ಕೆ ತಿರುಗುವವಳು ಅಂದು ಎಡಕ್ಕೆ ತಿರುಗಿದೆ. ಎರಡು ಓಣಿ, ಒಂದು ಗುಡಿ, ಒಂದು ಹಿಟ್ಟಿನ ಗಿರಣಿ, ಮತ್ತೆ ಎರಡು ಓಣಿ. ಆಮೇಲೆ ಅದೇ ಹಿಟ್ಟಿನ ಗಿರಣಿ. ಮೂರನೇ ಸಲ ಅದರ ಮುಂದೆ ಹಾದಾಗ ಗಿರಣಿಯವನು ಹೊರಗೆ ಬಂದು, "ಬಾಯಾರs, ಪಾವಣೇರೇನ್ರಿ? ಯಾರ ಮನಿ ಹುಡುಕಾಕತ್ತೀರಿ?" ಎಂದ, ನನ್ನನ್ನು ಯಾರದೋ ಮನೆಗೆ ಬಂದ ನೆಂಟಳೆಂದುಕೊಂಡು. ಬಸ್ ನಿಲ್ದಾಣ ಎಂದೆ. ಹದಿನಾಲ್ಕು ವರ್ಷದಿಂದ ದಿನಕ್ಕೆರಡು ಸಲ ಹೋಗುವ ಬಸ್ ನಿಲ್ದಾಣ. ಅವನು ತೋರಿಸಿದ ದಾರಿಯಲ್ಲಿ ಓಡೋಡಿ ತಲುಪುವಷ್ಟರಲ್ಲಿ ನಾಲ್ಕು ಇಪ್ಪತ್ತರ ಬಸ್ಸು ಹೊಗೆ ಬಿಟ್ಟು ತಿರುವಿನಲ್ಲಿ ಮಾಯವಾಗಿತ್ತು.

ಅಲ್ಲಿ ಕಟ್ಟೆಯ ಮೇಲೆ ನನ್ನ ತರಗತಿಯ ರೇಣುಕಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಆದರೆ ನಗಲಿಲ್ಲ. ನಗದಿರಲು ಕಾರಣವಿತ್ತು. ಹಾಜರಿ ಸಾಲದವರ ಪಟ್ಟಿಯನ್ನು ಹಿಂದಿನ ದಿನವಷ್ಟೇ ಫಲಕಕ್ಕೆ ಹಚ್ಚಿಸಿದ್ದೆ. ಅದರಲ್ಲಿ ಮೊದಲ ಹೆಸರೇ ಅವಳದು. ಹತ್ತರ ತರಗತಿಗೆ ದಿನವೂ ಹತ್ತೂಮುಕ್ಕಾಲಿಗೆ ಬರುವ ಹುಡುಗಿ ಅವಳು.

"ಇಷ್ಟೊತ್ತಿನವರೆಗೆ ಇಲ್ಲೇನು ಮಾಡ್ತಿ? ಶನಿವಾರ ಮಧ್ಯಾಹ್ನಕ್ಕೇ ಕ್ಲಾಸ್ ಮುಗಿದಾವಲ್ಲ?" ಎಂದೆ, ಸ್ವಲ್ಪ ಗದರುವ ದನಿಯಲ್ಲೇ.

"ನಮ್ಮೂರ ಬಸ್ ಆರಕ್ಕ ಐತ್ರಿ ಮೇಡಂ. ಮುಂಜಾನಿ ಒಂದು, ಸಂಜೀಕ ಒಂದು. ಮುಂಜಾನಿದು ಇಲ್ಲಿಗೆ ಬರೂದs ಹತ್ತೂವರಿಗೆ."

"ಇದನ್ನ ನನಗ್ಯಾಕ ಹೇಳಲಿಲ್ಲ?"

"ಮೂರು ಸಲ ಬಂದಿದ್ನಿರಿ. ನೀವು ಬ್ಯಾಗ್ ತುಗೊಂಡು ಹೊಂಟಿದ್ರಿ. ನಾಳಿ ಬಾ ಅಂದ್ರಿ."

ಹೇಳಿದ್ದಿರಬೇಕು. ಆ ಹೊತ್ತಿಗೆ ನಾನು ಯಾರಿಗೆ ಏನು ಹೇಳುತ್ತೇನೋ ನನಗೇ ತಿಳಿಯುವುದಿಲ್ಲ. ಅವಳು ನೆಲ ನೋಡುತ್ತ, "ಪರೀಕ್ಷಾಕ್ಕ ಕುಂದರಸಲಿಲ್ಲಂದ್ರ ನಮ್ಮಪ್ಪ ಕಾಲೇಜ ಬಿಡಸ್ತಾನ್ರಿ. ಹಂಗ ಅಂದಾನ" ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಬಸ್ಸಿನ ವೇಳೆ ಹೇಳಿದಷ್ಟೇ ಸಹಜವಾಗಿ ಹೇಳಿದಳು. ಬೆಳಗಾವಿಯ ತಿಲಕವಾಡಿಯಲ್ಲಿ ರೈಲ್ವೆ ಗೇಟು ಬಿದ್ದು ಬಸ್ಸು ನಿಂತ ದಿನ ನಾನೂ ಹತ್ತೂಕಾಲಿಗೆ ತರಗತಿಗೆ ನುಗ್ಗಿ, ಏನೂ ಆಗದವಳಂತೆ ಹಾಜರಿ ತೆಗೆದುಕೊಂಡದ್ದು ನೆನಪಾಯಿತು. ನನ್ನ ಹಾಜರಿ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮಾತು ಬದಲಿಸಲು, ನನಗೆ ಊರು ತೋರಿಸುತ್ತೀಯಾ ಎಂದೆ. ಅವಳಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಒಂದೂವರೆ ತಾಸು ನನ್ನನ್ನು ಸುತ್ತಿಸಿದಳು. ಮಲಪ್ರಭೆಯ ದಂಡೆಗೆ ಕರೆದೊಯ್ದಳು. ಗಡಿಗೆ ಮಾಡುವವರ ಅಂಗಳದಲ್ಲಿ ಒಣಗುವ ಹಸಿ ಮಣ್ಣಿನ ಗಡಿಗೆಗಳ ನಡುವೆ ಸೀರೆ ತಾಗದಂತೆ ನಡೆಯುವುದು ಹೇಗೆಂದು ಕಲಿಸಿದಳು. ಮಳೆ ಹಿಡಿದರೆ ಹುಡುಗಿಯರನ್ನೆಲ್ಲ ಒಳಗೆ ಕೂರಿಸಿಕೊಳ್ಳುವ ಟೇಲರ್‌ನ ಅಂಗಡಿ, ಪರೀಕ್ಷೆಯ ದಿನಗಳಲ್ಲಿ ದೀಪ ಹಾಕಿಕೊಟ್ಟು ಓದಲು ಬಿಡುವ ವಾಚನಾಲಯ, ಎಲ್ಲವೂ ಅವಳಿಗೆ ಗೊತ್ತು. ಮಿರ್ಚಿ ಕರಿಯುವ ಮರಾಠಿ ಅಜ್ಜಿಯೊಬ್ಬರು ನನ್ನನ್ನು ನೋಡಿ ಅಕ್ಕರೆಯಿಂದ "ಬಸ್, ಬಸ್" ಎಂದರು. ನಾನು ತಟ್ಟನೆ ರಸ್ತೆಗೆ ಓಡಿದೆ. ಮರಾಠಿಯಲ್ಲಿ ಬಸ್ ಎಂದರೆ ಕೂತುಕೋ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಕಾಲುಗಳಿಗೆ ಗೊತ್ತಿರಲಿಲ್ಲ. ರೇಣುಕಾ ಅಂದು ಮೊದಲ ಸಲ ನಕ್ಕಳು. ನಕ್ಕ ಧೈರ್ಯದಲ್ಲಿ, "ಹುಡುಗೋರು ನಿಮಗೇನಂತಾರ ಗೊತ್ತೇನ್ರಿ ಮೇಡಂ? ಚಾರ್‌ಸೋಬೀಸ್ ಮೇಡಂ ಅಂತಾರ್ರಿ" ಎಂದಳು. ನನ್ನ ಮುಖ ನೋಡಿ ಗಾಬರಿಯಾಗಿ, "ಮೋಸಗಾರ್ತಿ ಅಂತ ಅಲ್ರಿ! ನಾಲ್ಕು ಇಪ್ಪತ್ತರ ಬಸ್ಸಿಗಿ ಹೋಗ್ತೀರಲ್ಲ, ಅದಕ್ಕ" ಎಂದು ತಿದ್ದಿದಳು. ಎರಡರಲ್ಲಿ ಯಾವ ಅರ್ಥ ಹೆಚ್ಚು ಸರಿ ಎಂದು ಮಿರ್ಚಿ ತಿನ್ನುತ್ತ ಯೋಚಿಸಿದೆ.

ಅವಳ ಬಸ್ಸು ಆರಕ್ಕೆ ಬರಲಿಲ್ಲ, ಆರೂವರೆಗೆ ಬಂತು. ನಾನು ಮನೆ ಸೇರುವಷ್ಟರಲ್ಲಿ ನಮ್ಮವರು ಅನ್ನಕ್ಕಿಟ್ಟು ಕೂತಿದ್ದರು. "ಮನ್ಯಾಗೂ ಹಾಜರಿ ತುಗೊಂಡ್ರ ನಿಂದೂ ಶಾರ್ಟೇಜs ನೋಡು" ಎಂದರು. ಉಂಡೆದ್ದು ಕೂತು ಬರೆದೆ. ಎರಡು ಪುಟ ಐದು ಪುಟವಾಯಿತು.

ಸೋಮವಾರ ಹಿರೇಮಠ ಸರ್ ಮುಂದೆ ವೇಳಾಪಟ್ಟಿ ಇಟ್ಟು, ನನ್ನ ಹತ್ತರ ತರಗತಿ ನೀವು ತೆಗೆದುಕೊಳ್ಳಿ, ನಿಮ್ಮ ಹನ್ನೊಂದೂವರೆಯದು ನನಗೆ ಕೊಡಿ ಎಂದೆ. "ಮೇಡಂ, ಹತ್ತಕ್ಕ ನಾನು ಚಾ ಕುಡೀಬೇಕಲ್ರಿ" ಎಂದು ಅವರು ಮೂರು ದಿನ ತಕರಾರು ಮಾಡಿದರು. ಅವರ ಅನುಮಾನವೂ ಸರಿಯಿತ್ತು. ತಡವಾಗಿ ಬರುವ ಹುಡುಗಿಯರು ಇನ್ನು ನನ್ನ ಪಾಠದ ಬದಲು ಅವರ ಪಾಠ ತಪ್ಪಿಸಿಕೊಳ್ಳುತ್ತಾರಲ್ಲ! ಕೊನೆಗೆ ವೇಳೆ ಬದಲಿಸಿಕೊಂಡು, ಆ ಹಳ್ಳಿಗಳ ಹುಡುಗಿಯರ ಹಾಜರಿ ತುಂಬಿಸಲು ಇಬ್ಬರೂ ಮಧ್ಯಾಹ್ನ ಮೂರೂವರೆಯಿಂದ ಐದೂವರೆವರೆಗೆ ಹೆಚ್ಚಿನ ತರಗತಿ ನಡೆಸುವುದೆಂದಾಯಿತು. ಒಂದು ತಿಂಗಳು ನಾಲ್ಕು ಇಪ್ಪತ್ತರ ಬಸ್ಸು ನಮ್ಮಿಬ್ಬರನ್ನು ಬಿಟ್ಟು ಹೋಯಿತು. ಆ ಒಂದು ತಿಂಗಳು ಹಿರೇಮಠ ಸರ್ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ರೇಣುಕಾ ಪರೀಕ್ಷೆಗೆ ಕೂತಳು, ಪಾಸೂ ಆದಳು. ಅರ್ಥಶಾಸ್ತ್ರದಲ್ಲಿ ನಲವತ್ತೊಂದು, ಇತಿಹಾಸದಲ್ಲಿ ಎಪ್ಪತ್ತೆರಡು. ಈ ಅನ್ಯಾಯವನ್ನು ಹಿರೇಮಠ ಸರ್ ಇಂದಿಗೂ ದಿನಕ್ಕೊಮ್ಮೆ ನೆನಪಿಸುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಮಿತಿಯವರು ಬಂದು, ನನ್ನ ಪುಟಗಳನ್ನು ಓದಿ, ಬಹಳ ಮೆಚ್ಚಿದರಂತೆ. ಪ್ರಾಂಶುಪಾಲರು ಉಬ್ಬಿಹೋದರು. ಮರುವಾರ ಕರೆದು, "ಖಾನಾಪುರ ಇಷ್ಟು ಚಲೋ ಊರು ಅಂತ ನೀವs ಬರದೀರಿ. ಸಿಬ್ಬಂದಿ ಎಲ್ಲಾರೂ ಇಲ್ಲೇ ಮನಿ ಮಾಡಬೇಕಂತ ನಾನು ಹೇಳಾಂವ ಅದೀನಿ. ಮೊದಲು ನಿಮ್ಮಿಂದ ಸುರು ಆಗಲಿ" ಎಂದರು. ತಾವು ಯಾವಾಗ ಬರುತ್ತೀರಿ ಎಂದು ಕೇಳುವಷ್ಟರಲ್ಲಿ ಅವರ ಕಾರು ಬೆಳಗಾವಿಯ ರಸ್ತೆ ಹಿಡಿದಿತ್ತು. ಸುದ್ದಿ ಹರಡಿದ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ನನಗೆ ಚಹಾ ಬೇಕೇ ಎಂದು ಕೇಳಲಿಲ್ಲ.

ಬರೆದದ್ದಕ್ಕೆ ಮರ್ಯಾದೆ ಕೊಡಬೇಕಲ್ಲ, ಮನೆ ಹುಡುಕಿದೆ. ನದಿಯ ಕಡೆಗೆ ಹೋಗುವ ರಸ್ತೆಯಲ್ಲಿ ಹೆಂಚಿನ ಮಾಡಿನ ಮನೆಯೊಂದು ಕಣ್ಣಿಗೆ ಬಿತ್ತು. ಗೇಟಿಗೆ ಕೀಲಿ, ಬಾಡಿಗೆಗೆ ಇದೆ ಎಂಬ ಫಲಕ, ಕೆಳಗೆ ಫೋನ್ ನಂಬರು. ಫೋನ್ ಮಾಡಿದೆ. "ನಾವೀಗ ಬೆಳಗಾವ್ಯಾಗ ಇರ್ತೇವ್ರಿ. ಮಕ್ಕಳ ಸಾಲಿ ಸಲುವಾಗಿ ಬಂದು ಹತ್ತ ವರ್ಷಾತು. ಕೀಲಿ ನಮ್ಮ ಕಡೆ ಐತಿ, ಐತವಾರ ಮನಿಗೆ ಬರ್ರಿ" ಎಂದು ಮಾಲೀಕರು ವಿಳಾಸ ಹೇಳಿದರು. ರಾಮತೀರ್ಥ ನಗರ, ಅದೂ ನಮ್ಮ ಮನೆಯ ಹಿಂದಿನ ಸಾಲು.

ಭಾನುವಾರ ಹೋದೆ. ಹಿಂದಿನ ಸಾಲೇ ಆದರೂ ಇಬ್ಬರನ್ನು ದಾರಿ ಕೇಳಬೇಕಾಯಿತು. ಮಾಲೀಕ ಪಾಟೀಲರು ಹಿರಿಯರು, ಬಲು ಮಾತುಗಾರರು. "ಬರ್ರಿ ಬರ್ರಿ, ಕುಂದರ್ರಿ" ಎಂದು ಉಪಚರಿಸಿ, ಚಹಾ ತರಿಸಿ, ಎಲ್ಲಿಂದ ಬಂದಿರಿ ಎಂದು ಕೇಳಿದರು. ಇಲ್ಲೇ ಮುಂದಿನ ಸಾಲು, ಬೇವಿನ ಮರ ಇರುವ ಮನೆ ಎಂದೆ. ಅವರ ಮುಖ ಅರಳಿತು.

"ಬೇವಿನ ಗಿಡದ ಮನಿ? ಆ ಮನಿ ಸರ್ ನಮಗ ಭಾಳ ಬೇಕಾದವರ್ರಿ! ದಿನಾ ಸಂಜೀಕ ನಾವಿಬ್ರೂ ಕೂಡೇ ವಾಕಿಂಗ್ ಹೋಗ್ತೇವಿ. ಪಾಪ, ಒಬ್ಬರs ಇರ್ತಾರ. ಅವರ ಮನಿಯವರು ಖಾನಾಪುರದಾಗ ಇರ್ತಾರಂತ." ಪಾಟೀಲರು ಚಹಾದ ಬಸಿಯನ್ನು ನನ್ನ ಕಡೆ ಸರಿಸಿದರು. "ನೀವು ಅವರಿಗೆ ಏನಾಗಬೇಕ್ರಿ?"

ನಾನು ಚಹಾ ಕುಡಿದು ಮುಗಿಸಿದೆ.

"ಪಾವಣೇರು ರೀ," ಎಂದೆ. "ಬಂದು ಹೋಗಿ ಮಾಡ್ತಿರ್ತೀನಿ."