ಒಂಟಿ ಸ್ಪೀಕರಿಗೊಂದು ಮನೆ

ಸುಗ್ಗಿ ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲ. ಕಣದಿಂದ ಮನೆ ಸೇರಿದ ಕಾಳೆಲ್ಲ ಈಗ ಮನೆಯಿಂದ ಗಿರಣಿಗೆ ಬರುತ್ತಿತ್ತು. ಬೆಳಗಿನಿಂದಲೇ ಬೆಲ್ಟು ಪಟಪಟ ಬಡಿಯುತ್ತ, ಕಲ್ಲು ಗುರುಗುಟ್ಟುತ್ತ, ಹಿಟ್ಟಿನ ಧೂಳು ಬಾಗಿಲಿನಿಂದ ಮೋಡದಂತೆ ಹೊರಬೀಳುತ್ತಿತ್ತು. ಆ ಮೋಡದೊಳಗೆ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿ ನಿಂತಿದ್ದ ಗಿರಣಿಯ ಯಜಮಾನನನ್ನು ಊರು ಹಿಟ್ಟಣ್ಣ ಎಂದೇ ಕರೆಯುತ್ತಿತ್ತು.

ದಿನವಿಡೀ ಆ ಗದ್ದಲ ಕೇಳಿ ಕೇಳಿ ಹಿಟ್ಟಣ್ಣನಿಗೆ ಒಂದು ಆಸೆ ಹುಟ್ಟಿತ್ತು. ಸಂಜೆ ಹೊತ್ತಿಗಾದರೂ ಒಂದು ಹಾಡನ್ನು ಕಿವಿ ತುಂಬ ಕೇಳಬೇಕು. ಆ ಆಸೆಗೆ ನೀರೆರೆದವನು ರೇಡಿಯೋ ರಿಪೇರಿಯವನು. ಊಟದ ಬಟ್ಟಲಿನಷ್ಟಗಲದ ಹಳೆಯ ಸ್ಪೀಕರೊಂದನ್ನು ಕೈಗಿಟ್ಟು, "ಪೇಟೆ ಪೆಟ್ಟಿಗೇಲಿ ಮೂರು ಮೂರು ಸ್ಪೀಕರ್ ಇರ್ತವೆ ಹಿಟ್ಟಣ್ಣ. ಕೀರಲು ದನಿಗೊಂದು, ದಪ್ಪ ದನಿಗೊಂದು, ನಡುವಿನದಕ್ಕೊಂದು. ಒಬ್ಬ ಹಾಡೋಕೆ ಮೂರು ಬಾಯಿ ಯಾಕೆ? ಇದೊಂದೇ ಸಾಕು. ಆದ್ರೆ ಪೆಟ್ಟಿಗೆ ಸರಿಯಾಗಿರ್ಬೇಕು. ಒಳಗಿನ ದಾರಿ ಸಣ್ಣದಾಗಿ ಶುರುವಾಗಿ, ಕರುಳಿನ ಹಾಗೆ ಮಡಿಚಿ ಮಡಿಚಿ, ಅಗಲವಾಗ್ತಾ ಹೋಗಿ ಕೆಳಗೆ ಬಾಯಿ ಬಿಡಬೇಕು" ಎಂದಿದ್ದ.

"ಅಂದ್ರೆ ನಮ್ಮ ಗಿರಣಿಗೆ ಕಾಳು ಸುರಿಯೋ ಬಾಯಿಯನ್ನ ತಲೆಕೆಳಗೆ ಹಿಡಿದ ಹಾಗೆ!" ಎಂದು ಹಿಟ್ಟಣ್ಣ ಕುಣಿದುಬಿಟ್ಟಿದ್ದ.

ಹಲಗೆಗೆ ಬರವಿರಲಿಲ್ಲ. ತಂಗಿಯ ಅಡುಗೆಮನೆಗೆ ಒಂದು ಕಪಾಟು ಆಗಲೆಂದು ಹೆಂಡತಿಯ ಅಣ್ಣ ಗಾಡಿಯಲ್ಲಿ ತಂದು ಇಳಿಸಿಹೋದ ಹಲಗೆಗಳು ಗಿರಣಿಯ ಹಿಂದಿನ ಕೋಣೆಯಲ್ಲೇ ಇದ್ದವು. ಕೆಲಸ ಎಲ್ಲಿಗೆ ಬಂತೆಂದು ಹೆಂಡತಿ ಕೇಳಿದಾಗಲೆಲ್ಲ ಹಿಟ್ಟಣ್ಣ "ನಡೀತಿದೆ" ಎನ್ನುತ್ತಿದ್ದ. ನಡೆಯುತ್ತಲೂ ಇತ್ತು.

ಇವತ್ತು ಬೆಳಿಗ್ಗೆ ಊಟದ ಡಬ್ಬಿ ಕೊಡುವಾಗ ಆಕೆ ಹೇಳಿದಳು: "ಸಂಜೆ ಬಸ್ಸಿಗೆ ಅಣ್ಣ ಬರ್ತಿದಾನೆ, ಕಪಾಟು ನೋಡೋಕೆ. ಪಕ್ಕದ್ಮನೆ ದೊಡ್ಡಮ್ಮನ ಮಣ್ಣಿನ ಗುಡಾಣ ಬೇರೆ ಹಿಂದಕ್ಕೆ ಕೊಡ್ಬೇಕು. ಇಲಿ ಅಕ್ಕಿ ಚೀಲ ಕಡಿದಾಗ, ಕಪಾಟು ಬರೋವರೆಗೆ ಅಂತ ಈಸ್ಕೊಂಡಿದ್ದು. ಗೋಡೆ ಮೇಲಿಂದ ದಿನಾ ಇಣುಕ್ತಾರೆ. ಅಣ್ಣನ ಮುಂದೆ ನನ್ನ ಮಾನ ಕಳೀಬೇಡಿ."

ಹಿಟ್ಟಣ್ಣನ ಎದೆ ಗಿರಣಿಯ ಬೆಲ್ಟಿನಂತೆ ಬಡಿಯಿತು. ಪೆಟ್ಟಿಗೆಗೆ ಕೊಯ್ದು ಉಳಿದ ಹಲಗೆಯಲ್ಲಿ ಕೂರುವ ಮಣೆಯೂ ಆಗುವಂತಿರಲಿಲ್ಲ. ಇನ್ನಿರುವುದು ಒಂದೇ ದಾರಿ. ಸಂಜೆಯೊಳಗೆ ಪೆಟ್ಟಿಗೆ ಮುಗಿಯಬೇಕು, ಹಾಡಬೇಕು, ಆ ಹಾಡಿಗೆ ಭಾವನ ಮನಸ್ಸು ಬೆಣ್ಣೆಯಂತೆ ಕರಗಬೇಕು.

ಗಿರಣಿಯನ್ನು ಕೂಲಿಯವನ ಕೈಗೆ ಬಿಟ್ಟು ಹಿಂದಿನ ಕೋಣೆಗೆ ಓಡಿದ. ಪೆಟ್ಟಿಗೆಯ ನಕ್ಷೆಯನ್ನು ಅವನು ನೆಲದ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದ ಗೀಚಿದ್ದ. ರಾತ್ರಿ ಅದರ ಮೇಲೆ ಕೋಳಿಯೊಂದು ಓಡಾಡಿ, ಹೊರಳಿ, ರೆಕ್ಕೆ ಎಳೆದುಕೊಂಡು ಹೋಗಿತ್ತು.

"ಈ ಅಡ್ಡಗೆರೆ ನಂದೋ, ಕೋಳೀದೋ?" ಹಿಟ್ಟಣ್ಣ ಕುಕ್ಕರುಗಾಲಲ್ಲಿ ಕೂತು ಕೇಳಿದ.

ಸಹಾಯಕ್ಕೆಂದು ರೇಡಿಯೋದವನ ಜೊತೆ ಬಂದಿದ್ದ ಬಡಗಿ ಬಗ್ಗಿ ನೋಡಿದ. "ನೆಟ್ಟಗಿದೆಯಲ್ಲ, ಕೋಳೀದೇ ಇರ್ಬೇಕು. ನೀನು ಎಳೆದದ್ದೆಲ್ಲ ಓರೆ."

"ಇರ್ಲಿ, ಹಾಕಿಬಿಡಿ," ಎಂದ ರೇಡಿಯೋದವನು. "ಒಂದು ಮಡಿಕೆ ಜಾಸ್ತಿಯಾದ್ರೆ ದನಿ ಇನ್ನಷ್ಟು ದಪ್ಪ ಆಗುತ್ತೆ."

ಕೋಳಿಯ ಗೆರೆಯೂ ಹಲಗೆಯಾಯಿತು. ಹಿಟ್ಟಣ್ಣ ತಲೆ, ಭುಜ ಎಲ್ಲ ಒಳಗೆ ತೂರಿಸಿ ಅಂಟು ಬಳಿದ. ಬಡಗಿ ಹೊರಗಿನಿಂದ ಹಲಗೆಗಳನ್ನು ಬಿಗಿದ. ಬಿಗಿದ ಮೇಲೆ ಒಳಗಿನಿಂದ ದನಿ ಬಂತು:

"ಬಡಗಿಯಣ್ಣಾ, ನನ್ನ ಅಂಗೀನೂ ಬಿಗಿದುಬಿಟ್ಯಲ್ಲೋ!"

ಒಬ್ಬ ಕಾಲು ಹಿಡಿದ, ಇನ್ನೊಬ್ಬ ಸೊಂಟ ಹಿಡಿದ. ಹಿಟ್ಟು ಬೀಸಿಸಲು ಬಂದ ಹೆಂಗಸರು ಪುಟ್ಟಿ ಇಳಿಸಿ ಬಾಗಿಲಲ್ಲಿ ಸಾಲುಗಟ್ಟಿದರು. "ಬಾವಿಗೆ ಬಿದ್ದೋರನ್ನ ಕಂಡಿದ್ದೆ, ಪೆಟ್ಟಿಗೆಗೆ ಬಿದ್ದೋರನ್ನ ಇವತ್ತೇ ಕಂಡದ್ದು," ಎಂದು ಒಬ್ಬಳು ಸೆರಗು ಬಾಯಿಗಿಟ್ಟಳು. ಪರ್ರೆಂದು ಸದ್ದಾಗಿ ಹಿಟ್ಟಣ್ಣ ಹೊರಬಂದ. ಅಂಗಿಯ ಬೆನ್ನು ಒಳಗೇ ಉಳಿಯಿತು.

"ಒಳ್ಳೇದೇ ಆಯ್ತು," ಎಂದ ರೇಡಿಯೋದವನು. "ಒಳಗೆ ಒಂಚೂರು ಬಟ್ಟೆ ಇದ್ರೆ ದನಿ ಮೆತ್ತಗಾಗುತ್ತೆ. ಆದ್ರೆ ಪಕ್ಕದ ಹಲಗೆಗೆ ಮೊಳೆ ಹೊಡೀಬೇಡಿ. ಒಳಗಡೆ ಆಗಾಗ ತಿದ್ದಬೇಕಾಗುತ್ತೆ."

ಹಾಗಾಗಿ ಬಡಗಿ ಆ ಹಲಗೆಗೆ ಕೀಲು ಕೂರಿಸಿ, ಬಾಗಿಲಿನಂತೆ ತೆರೆದು ಮುಚ್ಚುವ ಹಾಗೆ ಮಾಡಿದ. ಮುಂಭಾಗದ ದುಂಡು ತೂತಿಗೆ ಸ್ಪೀಕರ್ ಕೂರಿಸಿದರು. ಆಳೆತ್ತರದ ಪೆಟ್ಟಿಗೆ ಮದುಮಗನಂತೆ ನಿಂತಿತು. ರೇಡಿಯೋಗೆ ತಂತಿ ಸಿಕ್ಕಿಸಿದ ಹಿಟ್ಟಣ್ಣ ಕಣ್ಣು ಮುಚ್ಚಿ ಕಾದ.

ಹಾಡು ಬಂತು. ನೆಗಡಿಯಾದ ಎಮ್ಮೆ ಕಂಬಳಿ ಹೊದ್ದು ಗೊಣಗಿದಂತೆ ಬಂತು.

"ಕೋಳಿ ಗೆರೆ ಹಾಕಬಾರದಿತ್ತೇನೋ," ಎಂದು ರೇಡಿಯೋದವನು ತಲೆ ಕೆರೆದುಕೊಂಡ. ಒಳಗೆ ಏನಾಗಿದೆಯೋ ನೋಡೋಣವೆಂದು ಸ್ಪೀಕರನ್ನು ಬಿಚ್ಚಿ ಹಿಟ್ಟಣ್ಣನ ಕೈಗೆ ಕೊಟ್ಟು, ಪಕ್ಕದ ಬಾಗಿಲನ್ನು ತೆರೆದ. ಅಷ್ಟರಲ್ಲಿ ಹೊಸ್ತಿಲಲ್ಲಿ ನೆರಳು ಬಿತ್ತು. ಬೇಗನೇ ಸಿಕ್ಕ ಬಸ್ಸು ಹತ್ತಿ ಬಂದ ಭಾವ. ಅವನ ಹಿಂದೆ ಹಿಟ್ಟಣ್ಣನ ಹೆಂಡತಿ.

"ಬ... ಬನ್ನಿ ಭಾವ," ಎಂದ ಹಿಟ್ಟಣ್ಣ, ಸ್ಪೀಕರನ್ನು ಬರಿಬೆನ್ನಿನ ಹಿಂದೆ ಬಚ್ಚಿಟ್ಟು.

ಭಾವ ತೆರೆದ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ಒಳಗಿನ ಓರೆ ಹಲಗೆಗಳನ್ನು ಒಂದೊಂದಾಗಿ ಸವರಿದ.

"ಆಹಾ!" ಎಂದ ಭಾವ. "ಏನ್ ತಲೆ ನಿಮ್ದು! ಹಲಗೆ ಎಲ್ಲಾ ಒಳಮುಖಕ್ಕೆ ಓರೆ! ಡಬ್ಬಿ ಜಾರಿ ಬೀಳೋ ಮಾತೇ ಇಲ್ಲ. ಗಾಳಿಯಾಡೋಕೆ ದುಂಡು ಕಿಂಡಿ ಬೇರೆ! ಎಂಥೆಂಥಾ ಕಪಾಟು ನೋಡಿದೀನಿ, ಇಂಥದ್ದು ನೋಡಿಲ್ಲ."

ಹೆಂಡತಿಯ ಮುಖ ಅರಳಿತು. "ಈ ನಡುವಿನ ಹಲಗೆ ನೋಡಣ್ಣ, ಎಷ್ಟು ನೆಟ್ಟಗಿದೆ! ಎಣ್ಣೆ ಪಾತ್ರೆ ಇಡೋಕೆ ಅಂತಾನೇ ಮಾಡಿದಾರೆ." ಕೆಳಗೆ ಅಂಟಿದ್ದ ಅಂಗಿಯ ತುಂಡನ್ನು ಮುಟ್ಟಿ, "ಕೈ ಒರೆಸೋಕೆ ಬಟ್ಟೇನೂ ಇಟ್ಟಿದಾರೆ" ಎಂದಳು.

ಬಡಗಿ ಕೆಮ್ಮಿದ. ರೇಡಿಯೋದವನು ಸೂರು ನೋಡಿದ. ಹಿಟ್ಟಣ್ಣ ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಭಾವನೇ ಮುಂದೆ ನಿಂತು ಪೆಟ್ಟಿಗೆಯನ್ನು ಹೊರಿಸಿ ಅಡುಗೆಮನೆಗೆ ಸಾಗಿಸಿದ. ಗುಡಾಣದ ಅಕ್ಕಿ ಡಬ್ಬಿಗಳಿಗೆ ಇಳಿಯಿತು, ಡಬ್ಬಿಗಳು ಹಾಡಿನ ದಾರಿಯುದ್ದಕ್ಕೂ ಸಾಲಾಗಿ ಕೂತವು, ಎಣ್ಣೆ ಪಾತ್ರೆ ಕೋಳಿಯ ಹಲಗೆ ಏರಿತು. ಮನೆ ಕಳೆದುಕೊಂಡ ಸ್ಪೀಕರನ್ನು ಎತ್ತಿಕೊಂಡು ಹಿಟ್ಟಣ್ಣ ಮೂಲೆಯಲ್ಲಿ ಕೂತ. ಕೈ ಸೋತು, ಅದನ್ನು ಪಕ್ಕದ ಖಾಲಿ ಗುಡಾಣದ ಬಾಯಿಯ ಮೇಲಿಟ್ಟ. ಅಚ್ಚು ಹಾಕಿಸಿದಂತೆ ಕೂತಿತು. ಸಮಾಧಾನಕ್ಕೆ ಅಂತ ರೇಡಿಯೋದವನು ಗಿರಣಿಯಿಂದ ರೇಡಿಯೋ ತಂದು ತಂತಿ ಸಿಕ್ಕಿಸಿದ.

ಹಾಡು ಶುರುವಾಯಿತು. ಹಾಡುವವಳು ಬಂದು ಒಲೆಯ ಪಕ್ಕ ಕೂತು ಹಾಡಿದಂತಿತ್ತು. ಅವಳ ಉಸಿರು, ತಂಬೂರಿಯ ಸಣ್ಣ ಝೇಂಕಾರ, ಎದೆಗೆ ಬಂದು ಮುಟ್ಟುವ ಮೃದಂಗ. ಭಾವ ಕೈಯಲ್ಲಿದ್ದ ಡಬ್ಬಿಯನ್ನು ಮರೆತ. ಹೆಂಡತಿ ಸೌಟಿನಲ್ಲಿ ತಾಳ ಹಾಕಿದಳು.

"ಇಷ್ಟು ದಿನ ಸರಿಯಾದ ಪೆಟ್ಟಿಗೆ ನಿಮ್ಮ ಅಡುಗೆಮನೇಲೇ ಇತ್ತಲ್ಲ ಹಿಟ್ಟಣ್ಣ!" ಎಂದು ರೇಡಿಯೋದವನು ಕಣ್ಣೊರೆಸಿಕೊಂಡ.

ಹಿಟ್ಟಣ್ಣ ಗುಡಾಣವನ್ನು ತಬ್ಬಿಕೊಂಡು ಮಗುವಿನಂತೆ ನಕ್ಕ.

"ಕಪಾಟು ಬಂತಂತೆ?" ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. "ಸರಿ, ನನ್ನ ಗುಡಾಣ ಕೊಡಪ್ಪ."

"ದೊಡ್ಡಮ್ಮ, ಇದನ್ನ ನನಗೇ..."

"ನಮ್ಮತ್ತೆ ಕಾಲದ್ದು ಕಣೋ. ಅದಕ್ಕೆ ಹಾಡು ಗೀಡು ಅಭ್ಯಾಸ ಮಾಡಿಸಬೇಡ. ಆಮೇಲೆ ನನ್ನ ಮನೇಲಿ ಸುಮ್ಮನೆ ಇರುತ್ತಾ?"

ಹೆಂಡತಿ ಕಣ್ಣಲ್ಲೇ ಗದರಿದಳು. ಹಾಡು ಅರ್ಧಕ್ಕೆ ನಿಂತಿತು. ಗುಡಾಣವನ್ನು ಅಪ್ಪಿ ಎತ್ತಿಕೊಂಡು ಹಿಟ್ಟಣ್ಣ ಹೊರಟ. ಹಿಂದಿನಿಂದ ಭಾವ ಕೂಗಿ ಹೇಳಿದ: "ನಮ್ಮನೆಗೂ ಇಂಥದ್ದೇ ಕಪಾಟು ಒಂದು ಆಗ್ಬೇಕು. ಹಲಗೆ ನಾನೇ ಕಳಿಸ್ತೀನಿ. ಆ ನೆಟ್ಟಗಿನ ಹಲಗೆ ಮಾತ್ರ ಮರೀಬೇಡಿ!"

ದೊಡ್ಡಮ್ಮನ ಜಗಲಿಯಲ್ಲಿ ಗುಡಾಣವನ್ನು ಇಳಿಸುವಾಗ ಹಿಟ್ಟಣ್ಣ ಅದರ ಬಾಯಿಗೆ ಮುಖವಿಟ್ಟು ಮೆಲ್ಲಗೆ "ಹೂಂ" ಎಂದ. ಗುಡಾಣ ಅವನಿಗಿಂತ ತುಂಬುದನಿಯಲ್ಲಿ "ಹೂಂ" ಎಂದಿತು.

"ಏನೋ ಅದು?" ಎಂದರು ದೊಡ್ಡಮ್ಮ.

"ಏನಿಲ್ಲ ದೊಡ್ಡಮ್ಮ. ಈಸ್ಕೊಂಡ ಋಣ ತೀರ್ತಾ ಅಂತ ಕೇಳ್ದೆ, ತೀರ್ತು ಅಂತಿದೆ."