ರವಿವಾರದ ಟ್ರಫಾಲ್ಗರ್

ನಮ್ಮ ಮಾಮಾ ತಮ್ಮ ಜೀವಮಾನದಲ್ಲಿ ಏನಿಲ್ಲವೆಂದರೂ ನೂರಾರು ನೌಕಾಯುದ್ಧ ಗೆದ್ದವರು. ಎಲ್ಲವೂ ಒಂದೇ ಯುದ್ಧ ಎಂಬುದು ಬೇರೆ ಮಾತು! ಎಲ್ಲವೂ ಮುಂಬಯಿಯ ಘಾಟ್ಕೋಪರಿನ ಚಾಳೊಂದರ ಎರಡನೇ ಮಾಳಿಗೆಯ ಖೋಲಿಯಲ್ಲಿ, ಶಹಾಬಾದಿ ಕಲ್ಲಿನ ಫರಸಿಯ ಮೇಲೆ, ರವಿವಾರ ಊಟಕ್ಕೆ ಮುಂಚೆ ನಡೆದವು.

ಯುದ್ಧ ಟ್ರಫಾಲ್ಗರಿನದು. ನೂರೈವತ್ತು ವರ್ಷಕ್ಕೂ ಹಿಂದೆ ಸ್ಪೇನಿನ ಕಡಲಲ್ಲಿ ಹಾಯಿಹಡಗುಗಳು ಹೊಡೆದಾಡಿದ ಯುದ್ಧ. ಫ್ರಾನ್ಸ್, ಸ್ಪೇನ್ ಕೂಡಿ ಮೂವತ್ಮೂರು ಹಡಗು, ಇಂಗ್ಲಿಷರದು ಇಪ್ಪತ್ತೇಳು. ಫೋರ್ಟಿನ ಫುಟ್‌ಪಾತಿನಲ್ಲಿ ಮಾಮಾಗೆ ಇದರ ಮೇಲಿನ ಒಂದು ಹಳೆಯ ದಪ್ಪ ಪುಸ್ತಕ ಸಿಕ್ಕಿತ್ತು. ಅಂದಿನಿಂದ ಆಫೀಸಿನ ಫೈಲು ಬಿಟ್ಟರೆ ಅವರು ಬೇರೇನನ್ನೂ ಓದಿದವರಲ್ಲ. ಮೂವತ್ಮೂರು ಶೇಂಗಾ ಸಿಪ್ಪೆ ಶತ್ರುಗಳು, ಇಪ್ಪತ್ತೇಳು ಹುಣಸೆಬೀಜ ನಮ್ಮವರು. ಇಂಗ್ಲಿಷರು ನಮ್ಮವರು ಯಾವಾಗ ಆದರು ಎಂದು ಮಾತ್ರ ಕೇಳಬಾರದು! ಮಾಮಿ ಫರಸಿ ಒರೆಸಿದ ಒದ್ದೆ ಆರುವ ಮೊದಲೇ ಯುದ್ಧ ಶುರುವಾಗಬೇಕು, ಇಲ್ಲದಿದ್ದರೆ ಸಮುದ್ರವೇ ಬತ್ತಿಹೋಗುತ್ತದಲ್ಲ!

ಇಂಗ್ಲಿಷರ ದಳಪತಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಒಂದು ಕೈ ಇರಲಿಲ್ಲ. ಹಾಗಾಗಿ ಮಾಮಾ ಬಲಗೈಯನ್ನು ಬನಿಯನ್ನಿನೊಳಗೆ ಸೇರಿಸಿ, ಬಲಗಣ್ಣು ಮುಚ್ಚಿ ಕೂರುತ್ತಿದ್ದರು. ಹಾಲಿನ ಭೈಯಾ ಮೊದಲ ಸಲ ಈ ಅವತಾರ ಕಂಡು, "ಅರೇ, ಬಾಬೂಜಿ ಕೋ ಲಕವಾ ಮಾರ್ ಗಯಾ!" ಎಂದು ಕೂಗಿಕೊಂಡು ಇಡೀ ಚಾಳನ್ನೇ ಸೇರಿಸಿದ್ದ. ಮಾಮಾ ಕಣ್ಣು ತೆರೆಯಲಿಲ್ಲ. ಯುದ್ಧದ ನಡುವೆ ಲಕ್ವದ ವಿಚಾರಣೆಗೆ ಯಾರಿಗೆ ಪುರುಸೊತ್ತು?

ಇಂಥ ವೀರರು ಹಡಗು ಹತ್ತಿದ್ದಾರೆಯೇ? ಹತ್ತಿದ್ದಾರೆ. ಒಮ್ಮೆ ಎಲಿಫೆಂಟಾಕ್ಕೆ ಹೋಗಲು ಲಾಂಚು ಹತ್ತಿದರು. ಹಗ್ಗ ಬಿಚ್ಚುವ ಮೊದಲೇ ಬೆಳಗಿನ ಅವಲಕ್ಕಿಯೆಲ್ಲ ಅರಬ್ಬಿ ಸಮುದ್ರದ ಪಾಲಾಯಿತು. ಇಳಿದು ಬಂದು ಕಟ್ಟೆಯ ಮೇಲೆ ಕೂತವರು ನನಗೇ ಪಾಠ ಹೇಳಿದರು: "ಆ ದಳಪತಿಗೂ ಸಮುದ್ರ ಆಗಿ ಬರತಿದ್ದಿಲ್ಲ, ತಿಳೀತೇನು? ದೊಡ್ಡವರಿಗೆಲ್ಲಾ ಹಿಂಗ ಆಗತದ."

ದಳಪತಿ ಗೆದ್ದದ್ದು ಹೇಗೆ? ಶತ್ರುಗಳ ಉದ್ದನೆಯ ಸಾಲಿಗೆ ಅಡ್ಡಲಾಗಿ, ಎರಡು ತುಕಡಿಯಲ್ಲಿ ನುಗ್ಗಿ, ಸಾಲು ಮುರಿದು. ಮಾಮಾ ಈ ತಂತ್ರವನ್ನು ಲೋಕಲ್ ಹತ್ತುವುದಕ್ಕೂ ಬಳಸಿದರು. "ನೀ ಆ ಕಡೆಯಿಂದ ನುಗ್ಗು, ನಾ ಈ ಕಡೆಯಿಂದ. ನಡುವ ಮುರಿಯೂಣು!" ನಾನು ನುಗ್ಗಿ ಫೋರ್ಟಿಗೆ ಹೋಗುವ ಗಾಡಿ ಹತ್ತಿದೆ. ಮಾಮಾ ಸಾಲನ್ನು ಎಷ್ಟು ಚೆನ್ನಾಗಿ ಮುರಿದರೆಂದರೆ, ಗುಂಪನ್ನು ಪೂರ್ತಿ ದಾಟಿ ಪ್ಲಾಟ್‌ಫಾರ್ಮಿನ ಆಚೆ ಬದಿಯ ಗಾಡಿಗೇ ಬಿದ್ದು, ಎದುರು ದಿಕ್ಕಿನ ಮುಲುಂಡ್ ತಲುಪಿದರು! ಹನ್ನೊಂದಕ್ಕೆ ಆಫೀಸು ಸೇರಿ ಸಾಹೇಬರಿಗೆ ಗಂಭೀರವಾಗಿ ಹೇಳಿದರಂತೆ: "ಸಾಬ್, ಆಜ್ ಹವಾ ನಹೀ ಥೀ." ಹಾಯಿಗೆ ಗಾಳಿ ಇರಲಿಲ್ಲವಂತೆ!

ಹಡಗುಗಳ ನಡುವೆ ಬಾವುಟದ ಸಂಕೇತ ಇರುತ್ತಿತ್ತಲ್ಲ, ಅದೂ ನಮ್ಮ ಮನೆಗೆ ಬಂತು. ಸ್ಟೇಷನ್ನಿನ ಸೇತುವೆಯಿಂದ ನಮ್ಮ ಗ್ಯಾಲರಿ ಕಾಣುತ್ತಿತ್ತು. ಅಲ್ಲಿ ಹಸಿರು ಸೀರೆ ತೂಗಿದರೆ ಕಾಯಿಪಲ್ಯ ತರಬೇಕು. ಕೆಂಪು ಟವೆಲಾದರೆ ಚಿಮಣಿ ಎಣ್ಣೆ ಇಲ್ಲ. ಬಿಳಿ ಪಂಚೆ ಎಂದರೆ ಅತಿಥಿಗಳು ಬಂದಿದ್ದಾರೆ, ಬಾಳೆಹಣ್ಣು ಬೇಕು. ಒಂದು ಸಂಜೆ ಮಾಮಾ ಮೂರು ಡಜನ್ ಬಾಳೆಹಣ್ಣು ಹೊತ್ತು ಏದುಸಿರು ಬಿಡುತ್ತ ಬಂದರು.

"ಎಲ್ಲಿ ಮಂದಿ?"

"ಯಾವ ಮಂದಿ? ಪಂಚೆ ಒಗದು ಹಾಕೀನಿ," ಎಂದರು ಮಾಮಿ. "ಇನ್ನ ಒಗಿಯೂದೂ ಬಿಡಲೇನು?"

ನಾಲ್ಕು ದಿನ ನಾವು ಬಾಳೆಹಣ್ಣು ತಿಂದೆವು.

ಮಾಮಾ ಇಷ್ಟೆಲ್ಲ ಹೇಳುತ್ತಿದ್ದರೂ ಯುದ್ಧದ ಕೊನೆ ಮಾತ್ರ ಒಂದೇ ಸಾಲಿನದು. "ಮುಂದ?" ಎಂದು ಯಾರಾದರೂ ಕೇಳಿದರೆ, ಕೈಯನ್ನು ಬನಿಯನ್ನಿನಿಂದ ಹೊರಗೆ ತೆಗೆದು, "ಮುಂದೇನು? ಗೆದ್ದ, ಮನಿಗೆ ಬಂದ. ಏಳ್ರಿ, ಊಟಕ್ಕ ಏಳ್ರಿ!" ಎನ್ನುತ್ತಿದ್ದರು. ದಳಪತಿ ಮನೆಗೆ ಬರಲೇ ಇಲ್ಲ. ಗೆಲ್ಲುವ ಹೊತ್ತಿಗೆ ಹಡಗಿನ ಮೇಲೆಯೇ ಗುಂಡೇಟು ತಿಂದು ಸತ್ತ ಎಂದು ನಾನು ಧಾರವಾಡದಲ್ಲಿ ಮೆಟ್ರಿಕ್ಕಿಗೇ ಓದಿದ್ದೆ. ಅಷ್ಟು ದಪ್ಪ ಪುಸ್ತಕವನ್ನು ಕೊನೆತನಕ ಓದದ ಪಂಡಿತ ಎಂದು ಒಳಗೊಳಗೇ ನಗುತ್ತಿದ್ದೆ.

ಅವರ ಒಬ್ಬನೇ ಮಗ ಬಾಬು. ಶೇಂಗಾ ಸಿಪ್ಪೆಗಳನ್ನು ನೋಡುತ್ತಲೇ ಬೆಳೆದು, ನೇವಿ ಸೇರಿದ. ಅವನು ಮಲಗುತ್ತಿದ್ದ ಜಾಗ ಖಾಲಿಯಾದ ವರ್ಷವೇ ನಾನು ನೌಕರಿಗೆಂದು ಬಂದು ಅಲ್ಲಿ ಹಾಸಿಗೆ ಬಿಚ್ಚಿದ್ದು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ನಿಜವಾದ ಯುದ್ಧವೇ ಬಂತು. ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದೆವು. ಆದರೂ ರವಿವಾರ ಮಾಮಾ ಸಿಪ್ಪೆ ಹರಡಿಕೊಂಡು ಕೂತರು. ನನಗೆ ರೇಗಿತು. ಹೊರಗೆ ಲೋಕವೇ ಹೊತ್ತಿ ಉರಿಯುತ್ತಿದೆ, ಇವರಿಗೆ ಶೇಂಗಾ ಸಿಪ್ಪೆಯೇ? ಅವರು "ಗೆದ್ದ, ಮನಿಗೆ ಬಂದ" ಎಂದದ್ದೇ ತಡ, ಅಕ್ಕಪಕ್ಕದವರೆಲ್ಲ ಕೂತಿರುವಾಗಲೇ ಹೇಳಿಬಿಟ್ಟೆ: "ಎಲ್ಲಿ ಬಂದ, ಮಾಮಾ? ಸತ್ತ! ಪುಸ್ತಕ ಪೂರ್ತಿ ಓದ್ರಿ!"

ಮಾಮಾ ಒಂದೊಂದೇ ಸಿಪ್ಪೆ ಆಯ್ದು ಡಬ್ಬಿಗೆ ಹಾಕಿ, ಗ್ಯಾಲರಿಗೆ ಹೋಗಿ ನಿಂತರು. ಮಾಮಿ ಕಪಾಟಿನಿಂದ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಕೊನೆಯ ಅಧ್ಯಾಯದ ಹಾಳೆಗಳನ್ನು ಒಟ್ಟಿಗೆ ಹಿಡಿದು, ಸುತ್ತಲೂ ಕೌದಿಯ ದಾರದಿಂದ ಹೊಲಿದಿತ್ತು. ಕೌದಿಗೆ ಹಾಕುವಂಥ ಉದ್ದುದ್ದ ಹೊಲಿಗೆ, ಅದೂ ಸೊಟ್ಟ.

"ಬಾಬು ನೇವಿಗೆ ಹೋದ ದಿನ ಇವರೇ ಹೊಲದಾರ," ಎಂದರು ಮಾಮಿ ಮೆಲ್ಲಗೆ. "ಅವರಿಗೆ ಎಲ್ಲಾ ಗೊತ್ತದಪಾ. ಅವನ ಕಾಗದ ಬಂದು ಇಪ್ಪತ್ತು ದಿನ ಆತು, ನಿನಗ ನೆನಪದ ಇಲ್ಲೋ?"

ನನಗೆ ನೆನಪಿರಲಿಲ್ಲ. ಆ ಹೊಲಿಗೆಯ ಮುಂದೆ ನನ್ನ ಮೆಟ್ರಿಕ್ಕಿನ ಬಗ್ಗೆ ನನಗೇ ಹೇಸಿಗೆಯಾಯಿತು.

ಮುಂದಿನ ರವಿವಾರ ನಾನೇ ಫರಸಿ ಒರೆಸಿ, ಸಿಪ್ಪೆ ಜೋಡಿಸಿದೆ. "ಮಾಮಾ, ನಾ ತಪ್ಪು ಓದಿದ್ದೆ. ಅವ ಮನಿಗೆ ಬಂದಾನ."

ಮಾಮಾ ಡಬ್ಬಿಯಿಂದ ಹುಣಸೆಬೀಜ ತೆಗೆದು ಸಿಪ್ಪೆಗಳ ಎದುರಿಗೆ ಇಟ್ಟರು. "ಮೆಟ್ರಿಕ್ ಪಾಸಾದವರು ಹಿಂಗ ಓದೂದು!" ಎಂದು ಬಲಗೈಯನ್ನು ಬನಿಯನ್ನಿನೊಳಗೆ ಸೇರಿಸಿದರು.

ಯುದ್ಧ ನಿಂತಿತು. ಕಾಗದ ಬರಲಿಲ್ಲ. ಜನವರಿಯ ಒಂದು ಸಂಜೆ ನಾವಿಬ್ಬರೂ ಆಫೀಸಿನಿಂದ ಬಂದು ಸ್ಟೇಷನ್ನಿನ ಸೇತುವೆ ಹತ್ತಿದೆವು. ಮಾಮಾ ರೂಢಿಯಂತೆ ಗ್ಯಾಲರಿಯತ್ತ ನೋಡಿ, ನಿಂತುಬಿಟ್ಟರು. ಅಲ್ಲಿ ಹಸಿರು ಸೀರೆ, ಕೆಂಪು ಟವೆಲು, ಬಿಳಿ ಪಂಚೆ, ಹಾಸಿಗೆಯ ಚಾದರ, ಮಾಮಿಯ ಮದುವೆಯ ಇಳಕಲ್ ಸೀರೆ, ಕೌದಿ, ಮನೆಯಲ್ಲಿದ್ದ ಬಟ್ಟೆಯೆಲ್ಲ ತೂಗುತ್ತಿತ್ತು. ಇಂಥದೊಂದು ಸಂಕೇತವನ್ನು ಅವರು ಮಾಮಿಗೆ ಕಲಿಸಿಯೇ ಇರಲಿಲ್ಲ.

"ಮನಿಗೆ ಬಂದ," ಎಂದರು ಮಾಮಾ. ಮತ್ತೆ ಜೋರಾಗಿ, ಸೇತುವೆಯ ಮೇಲಿನ ಮಂದಿಗೆಲ್ಲ ಕೇಳುವಂತೆ, "ಮನಿಗೆ ಬಂದಾನೋ!"

ಆಮೇಲೆ ಆ ಐವತ್ತೈದರ ಮುದುಕರು ಸಂಜೆಯ ಗರ್ದಿಗೆ ಅಡ್ಡಲಾಗಿ ನುಗ್ಗಿದರು. ಸಾಲು ಮುರಿಯಿತು.